ನಿಮಗಿದು ಗೊತ್ತೇ? ಕಡಲಾಚೆಯ ಮನೆಗೂ ಹುಳ ಬರುತ್ತದೆ, ಗಾಳಿಮಳೆಯೂ ಬರುತ್ತದೆ

ಮಂಡಿಕಲ್ ಹೋಬಳಿಯಲ್ಲಾಗಲಿ, ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟದ ಕಡೆಯಾಗಲಿ, ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳಿಗೆ ಈಗ ಬರವಿಲ್ಲ. ಮಗಳ ಬಾಣಂತನಕ್ಕೆಂದು ತಾಯಂದಿರು ದೇವನಹಳ್ಳಿಯಲ್ಲಿ ವಿಮಾನ ಹತ್ತಿ ಡಲ್ಲಾಸಿಗೋ ಮೆಲ್ಬರ್ನಿಗೋ ಹೋಗಿ ತಿಂಗಳುಗಟ್ಟಲೆ ಇದ್ದು ಬರುತ್ತಾರೆ. ಅಲ್ಲಿನ ಅಡುಗೆಮನೆಯಲ್ಲಿ ಜಿರಳೆ ಕಂಡಾಗ, ಕಿಟಕಿಯಾಚೆ ಸೈರನ್ ಕೂಗಿದಾಗ ಏನು ಮಾಡಬೇಕೆಂದು ಹೇಳಲು ಅಕ್ಕಪಕ್ಕದ ಮನೆಯವರು ಇರುವುದಿಲ್ಲ. ಈ ಸಲದ ಅಂಕಣ ಅವರಿಗೆ, ಅವರ ಮಕ್ಕಳಿಗೆ.

ಪೆಟ್ಟಿಗೆಯೊಳಗೆ ಹೋಗುವವು

ಜಗತ್ತೆಲ್ಲ 'ಜರ್ಮನ್ ಜಿರಳೆ' ಎಂದು ಕರೆಯುವ ಸಣ್ಣ ಕಂದು ಜಿರಳೆಯ ತವರು ಜರ್ಮನಿ ಅಲ್ಲ. 2024ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದ ಪ್ರಕಾರ ಅದು ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಭಾಗದಲ್ಲಿ ಏಷ್ಯಾದ ಕಾಡು ಜಿರಳೆಯಿಂದ ಕವಲೊಡೆಯಿತು. ಸುಮಾರು 1,200 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾ ಸೇರಿತು, ಸುಮಾರು 390 ವರ್ಷಗಳ ಹಿಂದೆ ವ್ಯಾಪಾರದ ಸರಕಿನೊಂದಿಗೆ ಪೂರ್ವಕ್ಕೂ ಹರಡಿತು, ಯುರೋಪು ಮುಟ್ಟಿದ್ದು ಅದಾದ ಮೇಲೆ. ಲಿನೇಯಸ್ ಅದಕ್ಕೆ ಈ ಹೆಸರಿಟ್ಟದ್ದು 1767ರಲ್ಲಿ. ದುಬೈನ ಬಾಡಿಗೆ ಕೋಣೆಯಲ್ಲೋ ಲಂಡನ್ನಿನ ಅಡುಗೆಮನೆಯಲ್ಲೋ ನಮ್ಮವರಿಗೆ ಎದುರಾಗುವುದು ಬಹುಪಾಲು ಇದೇ.

ಇದೇ ಜಿರಳೆಯ ಕೆಲವು ಸಂತತಿಗಳು ಸಿಹಿ ಬಿಟ್ಟಿವೆ! ಜಿರಳೆಮದ್ದಿನಲ್ಲಿ ಗ್ಲೂಕೋಸ್ ಬೆರೆಸುತ್ತ ಬಂದ ಮೇಲೆ ಅದನ್ನು ಮೂಸಿಯೂ ನೋಡದ ಜಿರಳೆಗಳು ಫ್ಲೋರಿಡಾದಲ್ಲಿ ಕಾಣಿಸಿಕೊಂಡವು. 1993ರಲ್ಲಿ ಆ ಬಗ್ಗೆ ವರದಿ ಬಂತು. ಕಾರಣ ಪತ್ತೆಯಾದದ್ದು 2013ರಲ್ಲಿ: ಗ್ಲೂಕೋಸ್ ತಗುಲಿದೊಡನೆ ಅವುಗಳ ಬಾಯಲ್ಲಿ ಕಹಿಯನ್ನು ಗುರುತಿಸುವ ನರಕೋಶಗಳು ಎಚ್ಚರಗೊಳ್ಳುತ್ತವೆ. ನೀವು ಇಟ್ಟ ಜೆಲ್ ಮದ್ದಿಗೆ ಜಿರಳೆ ಬಾಯಿ ಹಾಕದಿದ್ದರೆ ಪ್ರಮಾಣ ಹೆಚ್ಚಿಸಬೇಡಿ, ಬೇರೆ ಬಗೆಯ ಜೆಲ್ ತನ್ನಿ.

ಮಕ್ಕಳಿಗೆಂದು ಸೋನಾ ಮಸೂರಿ ಅಕ್ಕಿಯನ್ನು ಸೂಟ್‌ಕೇಸಿಗೆ ತುಂಬುವ ಮುನ್ನ ಇದನ್ನು ಓದಿ. ಖಾಪ್ರಾ ಎಂಬ ಪುಟ್ಟ ಕಂದು ಜೀರುಂಡೆ ಮೂಲತಃ ಭಾರತದ್ದು. ಅದರ ಮರಿಹುಳು ಆಹಾರವಿಲ್ಲದೆ ಬಿರುಕೊಂದರಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದು, ಕಾಳು ಸಿಕ್ಕಾಗ ಮತ್ತೆ ಏಳಬಲ್ಲದು. 1953ರಲ್ಲಿ ಕ್ಯಾಲಿಫೋರ್ನಿಯಾದ ಉಗ್ರಾಣಗಳಲ್ಲಿ ಅದು ಸಿಕ್ಕಿತು. ಪೂರ್ತಿ ನಿರ್ಮೂಲ ಮಾಡಲು ಅಮೆರಿಕಕ್ಕೆ 1966ರವರೆಗೆ ಹಿಡಿಯಿತು. ಖಾಪ್ರಾ ಇರುವ ದೇಶಗಳಿಂದ ಪ್ರಯಾಣಿಕರು ಅಕ್ಕಿ ತರುವುದನ್ನು ಅಮೆರಿಕ ಇವತ್ತಿಗೂ ಬಿಡದಿರುವುದಕ್ಕೆ ಇದೇ ಕಾರಣ. ಆಸ್ಟ್ರೇಲಿಯಾ ಕೂಡ 2020ರಿಂದ ಅಕ್ಕಿ, ಕಡಲೆಯಂಥ ಹಲವು ಪದಾರ್ಥಗಳಿಗೆ ನಿಯಮ ಬಿಗಿಮಾಡಿದೆ. ತಿನಿಸು ಏನೇ ಇರಲಿ, ಕಸ್ಟಮ್ಸ್ ಚೀಟಿಯಲ್ಲಿ ಇದೆ ಎಂದು ಬರೆಯಿರಿ. ಬರೆದರೆ ಹೆಚ್ಚೆಂದರೆ ಆ ಪೊಟ್ಟಣವನ್ನು ಇಟ್ಟುಕೊಂಡಾರು, ಮುಚ್ಚಿಟ್ಟರೆ ದಂಡ ಬೀಳುತ್ತದೆ.

ರಾಗಿಗೆ ಹುಳ ಬೀಳುವುದು ತೀರ ಕಡಿಮೆ, ಕಾಳು ಅಷ್ಟು ಸಣ್ಣದು. ಹಗೇವಿನಲ್ಲಿ ನಮ್ಮ ಹಿರಿಯರು ರಾಗಿಯನ್ನು ವರ್ಷಗಟ್ಟಲೆ ಕಾದಿಡುತ್ತಿದ್ದುದು ಈ ಗುಣದ ಬಲದಿಂದಲೇ. ಆದರೆ ಬೀಸಿ ಹಿಟ್ಟು ಮಾಡಿದೊಡನೆ ಆ ರಕ್ಷಣೆ ಹೋಗುತ್ತದೆ. ಕೆಂಪು ಹಿಟ್ಟಿನ ಜೀರುಂಡೆಗೆ ರಾಗಿಹಿಟ್ಟು, ಗೋಧಿಹಿಟ್ಟು ಎಲ್ಲ ಒಂದೇ.

ಹಿಟ್ಟನ್ನು ಬಿಗಿಯಾಗಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ನಾಲ್ಕು ದಿನ ಇಟ್ಟರೆ ಮೊಟ್ಟೆಯೂ ಸಾಯುತ್ತದೆ, ಹುಳವೂ ಸಾಯುತ್ತದೆ. ಹೊರದೇಶದ ಮನೆಗಳಲ್ಲಿ ದೊಡ್ಡ ಫ್ರೀಜರ್ ಇದ್ದೇ ಇರುತ್ತದೆ. ಹೊರತೆಗೆದ ಮೇಲೆ ಪೊಟ್ಟಣ ಕೋಣೆಯ ಬಿಸಿಗೆ ಬರುವವರೆಗೆ ಬಿಚ್ಚಬೇಡಿ, ಹಿಟ್ಟಿಗೆ ತೇವ ಹಿಡಿಯುತ್ತದೆ.

ಅವರೆ, ಹುರುಳಿ, ಅಲಸಂದೆಯ ಬಿತ್ತನೆಕಾಳಿಗೆ ಬೂದಿ ಬೆರೆಸಿಡುವುದು, ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಹರಳೆಣ್ಣೆ ಸವರುವುದು ನಮ್ಮ ಕಡೆಯ ಹಳೇ ಪದ್ಧತಿ. ಎಣ್ಣೆಯ ಪೊರೆ ಹುಳದ ಮೊಟ್ಟೆಗೆ ಉಸಿರಾಡಲು ಬಿಡುವುದಿಲ್ಲ. ಬೂದಿಯ ಕಣ ಹುಳದ ಮೈಮೇಲಿನ ಮೇಣದ ಲೇಪವನ್ನು ಉಜ್ಜಿ ತೆಗೆಯುತ್ತದೆ, ಮೈಯ ನೀರು ಆರಿ ಹುಳ ಸಾಯುತ್ತದೆ. ಅಮೆರಿಕ, ಆಸ್ಟ್ರೇಲಿಯಾದ ಅಂಗಡಿಗಳಲ್ಲಿ ಇರುವೆ, ಜಿರಳೆಗೆಂದು ಮಾರುವ 'ಡಯಾಟಮ್ ಮಣ್ಣು' ಮಾಡುವುದೂ ಇದೇ ಕೆಲಸವನ್ನು. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಚಿಪ್ಪುಗಳು ಕೆರೆ, ಕಡಲ ತಳದಲ್ಲಿ ಲಕ್ಷಾಂತರ ವರ್ಷ ಕೂತು ಆದ ಪುಡಿ. ಊರಿನ ಜಾಣತನ ಕಡಲಾಚೆಯೂ ನಡೆಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಪುಡಿ ಮೂಗಿಗೆ ಹೋಗದಂತೆ ಮಾತ್ರ ನೋಡಿಕೊಳ್ಳಿ.

ಒಗ್ಗರಣೆಗೆ ಕರಿಬೇವು ಬೇಕೆಂದು ಹಸಿ ಸೊಪ್ಪನ್ನು ಅಮೆರಿಕಕ್ಕೆ ಕೊಂಡೊಯ್ಯುವಂತಿಲ್ಲ. ಕರಿಬೇವಿನ ಮೇಲೆ ಬದುಕುವ ಒಂದು ಜಿಗಿಹುಳ ಕಿತ್ತಳೆ, ನಿಂಬೆ ಗಿಡಗಳನ್ನು ಕೊಲ್ಲುವ ರೋಗ ಹರಡುತ್ತದೆ. ಫ್ಲೋರಿಡಾದಲ್ಲಿ ಆ ಹುಳ ಕಂಡದ್ದು 1998ರಲ್ಲಿ, ರೋಗ ಕಂಡದ್ದು 2005ರಲ್ಲಿ. ಅಲ್ಲಿನ ಕಿತ್ತಳೆ ತೋಟಗಳು ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ. ಕ್ಯಾಲಿಫೋರ್ನಿಯಾಕ್ಕೆ ಹುಳ 2008ರಲ್ಲಿ, ರೋಗ 2012ರಲ್ಲಿ ಬಂತು. ನಿರ್ಬಂಧಿತ ವಲಯದ ಹಿತ್ತಲಿನ ಕರಿಬೇವಿನ ಗಿಡವನ್ನು ಅಲ್ಲಿ ಇನ್ನೊಂದು ಊರಿನ ಗೆಳತಿಗೆ ಕೊಡುವುದೂ ನಿಯಮಕ್ಕೆ ವಿರುದ್ಧ. ದ್ರಾಕ್ಷಿ ಬೆಳೆದು ರೋಗದ ಕಾಟ ಉಂಡವರು ನಾವು. ಇನ್ನೊಬ್ಬ ರೈತನ ಸಂಕಟ ನಮಗೆ ಅರ್ಥವಾಗಬೇಕು.

ಸರಕಿನೊಂದಿಗೆ ಹುಳ ಬರುವ ಪಾಡನ್ನು ಶಿಡ್ಲಘಟ್ಟ ಚೆನ್ನಾಗಿ ಬಲ್ಲದು. ಊಜಿ ನೊಣ ಕರ್ನಾಟಕದಲ್ಲಿ ಇರಲೇ ಇಲ್ಲ. 1980ರಲ್ಲಿ ಪಶ್ಚಿಮ ಬಂಗಾಳದಿಂದ ತರಿಸಿದ ರೇಷ್ಮೆಗೂಡುಗಳ ಜೊತೆ ಬಂತು. ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಅದರ ಮರಿ ಒಳಗೊಳಗೇ ತಿಂದು ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು. ಸಾಕಣೆ ಮನೆಯ ಕಿಟಕಿ ಬಾಗಿಲುಗಳಿಗೆಲ್ಲ ನೈಲಾನ್ ಬಲೆ ಬಂದದ್ದು ಆಮೇಲೆ. ಊಜಿಯ ಕೋಶದೊಳಗೇ ಮೊಟ್ಟೆಯಿಟ್ಟು ಅದನ್ನು ಮುಗಿಸುವ 'ನೆಸೊಲಿಂಕ್ಸ್ ಥೈಮಸ್' ಎಂಬ ಚುಕ್ಕೆಯಷ್ಟು ಗಾತ್ರದ ಕಣಜವನ್ನೂ ರೈತರು ಬಿಡುತ್ತಾರೆ.

ಆ ರೇಷ್ಮೆ ಸೀರೆಯಾಗಿ ಹೊರದೇಶ ಸೇರಿದ ಮೇಲೂ ಕಾಟ ತಪ್ಪದು. ತಂಪು ದೇಶಗಳ ಬೀರುಗಳಲ್ಲಿ ಬಟ್ಟೆ ತಿನ್ನುವ ಪತಂಗ, ಜಮಖಾನೆ ಜೀರುಂಡೆ ಎರಡೂ ಇವೆ. ಹಾರಾಡುವ ಪತಂಗ ಏನನ್ನೂ ತಿನ್ನುವುದಿಲ್ಲ, ತಿನ್ನುವುದು ಅದರ ಮರಿ. ಬೆವರು, ಅಡುಗೆಯ ಕಲೆ ಇರುವ ಜಾಗವೇ ಅದಕ್ಕೆ ಪ್ರೀತಿ. ಉಟ್ಟ ಸೀರೆಯನ್ನು ಗಾಳಿಗೆ ಆರಿಸದೆ ಮಡಿಸಿಡಬೇಡಿ. ಅನುಮಾನ ಬಂದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಂದು ವಾರ ಫ್ರೀಜರಿನಲ್ಲಿಡಿ. ಹಳೆಯ ಬಟ್ಟೆಗಳನ್ನು ಕಾಯುವ ವಸ್ತುಸಂಗ್ರಹಾಲಯಗಳೂ ಹೀಗೆಯೇ ಮಾಡುತ್ತವೆ.

ನುಸಿಗುಳಿಗೆ ಇಟ್ಟ ಬಟ್ಟೆಯಲ್ಲಿ ಹಸುಗೂಸನ್ನು ಸುತ್ತಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಗುವಿಗೆ ಆ ಗುಳಿಗೆಯ ನ್ಯಾಫ್ತಲೀನ್ ತಗುಲಿದರೆ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ತೀವ್ರವಾಗುತ್ತದೆ. ಕೊರತೆ ಇದೆಯೋ ಇಲ್ಲವೋ ನೋಡಿದರೆ ತಿಳಿಯುವುದಿಲ್ಲ. ಯುರೋಪಿಯನ್ ಒಕ್ಕೂಟ ನ್ಯಾಫ್ತಲೀನ್ ಗುಳಿಗೆಗಳನ್ನು 2008ರಲ್ಲೇ ಮಾರುಕಟ್ಟೆಯಿಂದ ತೆಗೆಯಿತು. ಬಾಣಂತನಕ್ಕೆ ಹೋಗುವ ಅಮ್ಮಂದಿರು ಪೆಟ್ಟಿಗೆಯ ತಳದಿಂದ ಹಳೇ ಮೆತ್ತನೆ ಸೀರೆ ತೆಗೆಯುವಾಗ ಇದನ್ನು ನೆನಪಿಡಬೇಕು.

ಹಾಸಿಗೆಯಲ್ಲಿ, ಗೋಡೆಯಲ್ಲಿ

2023ರಲ್ಲಿ ಪ್ಯಾರಿಸ್ ನಗರ ತಿಗಣೆಯ ಸುದ್ದಿಯಿಂದ ತತ್ತರಿಸಿತ್ತು. ಎರಡನೇ ಮಹಾಯುದ್ಧದ ನಂತರ ಡಿಡಿಟಿಯ ಹೊಡೆತಕ್ಕೆ ಶ್ರೀಮಂತ ದೇಶಗಳಲ್ಲಿ ಹೆಚ್ಚುಕಡಿಮೆ ಮರೆಯಾಗಿದ್ದ ತಿಗಣೆ 1990ರ ದಶಕದ ಕೊನೆಗೆ ಮತ್ತೆ ಬಂತು, ಈ ಸಲ ಮದ್ದುಗಳಿಗೆ ಜಗ್ಗದ ಮೈಯೊಂದಿಗೆ. ಕೊಳಕು ಮನೆಗೆ ಮಾತ್ರ ತಿಗಣೆ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದು ಬರುವುದು ಸೂಟ್‌ಕೇಸು ಮತ್ತು ಹಳೇ ಸೋಫಾದ ಸಂದಿಯಲ್ಲಿ. ಬೀದಿಬದಿಯಲ್ಲಿ ಬಿಟ್ಟಿ ಸಿಗುವ ಹಾಸಿಗೆಯನ್ನು ಹೊಸದಾಗಿ ಓದಲು ಹೋದ ಹುಡುಗರು ಮನೆಗೆ ತರಬಾರದು. ತಿಗಣೆ ಕಂಡರೆ ಮುಚ್ಚಿಡಲೂಬಾರದು.

ರೇಷ್ಮೆ ಸಾಕುವವರು ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಿನಲ್ಲಿ ನಿಲ್ಲಿಸುತ್ತಾರಲ್ಲ, ಅದೇ ಉಪಾಯವನ್ನು ಅಮೆರಿಕದಲ್ಲಿ ತಿಗಣೆಗೆ ಬಳಸುತ್ತಾರೆ. ಮಂಚದ ಕಾಲಿಗೆ ನುಣುಪು ಗೋಡೆಯ ಪ್ಲಾಸ್ಟಿಕ್ ಬಟ್ಟಲು ಇಡುತ್ತಾರೆ, ಒಳಗೆ ಬಿದ್ದ ತಿಗಣೆ ಹತ್ತಿ ಬರಲಾರದು. ಒಂದು ತೊಡಕಿದೆ: ಹೀಗೆ ಜಾರುವುದು ತಂಪು ದೇಶದ ತಿಗಣೆ. ನಮ್ಮಂಥ ಬಿಸಿ ನಾಡಿನ ತಿಗಣೆಯ ಕಾಲಿನಲ್ಲಿ ಹಿಡಿತದ ರೋಮ ಹೆಚ್ಚು, ಅದು ನುಣುಪು ಗೋಡೆಯನ್ನೂ ಹತ್ತುತ್ತದೆ. ಬಟ್ಟಲಿನ ಒಳಗೋಡೆಗೆ ತೆಳ್ಳಗೆ ಟಾಲ್ಕಂ ಪೌಡರ್ ಸವರಿದರೆ ಹಿಡಿತ ತಪ್ಪುತ್ತದೆ.

ಬಟ್ಟೆಗಳಿಗೆ ಮದ್ದು ಹೊಡೆಯುವ ಅಗತ್ಯವೇ ಇಲ್ಲ. ಡ್ರೈಯರಿನ ಅತಿ ಹೆಚ್ಚಿನ ಬಿಸಿಯಲ್ಲಿ ಅರ್ಧ ಗಂಟೆ ತಿರುಗಿಸಿದರೆ ತಿಗಣೆ, ಮರಿ, ಮೊಟ್ಟೆ ಮೂರೂ ಸಾಯುತ್ತವೆ. ಊರಿಂದ ಮರಳಿದ ದಿನವೇ ಇದನ್ನು ಮಾಡುವುದು ಒಳ್ಳೆಯ ಅಭ್ಯಾಸ.

ನ್ಯೂಯಾರ್ಕ್ ನಗರದಲ್ಲಿ ಮನೆ ಬಾಡಿಗೆಗೆ ಕೊಡುವಾಗ ಹಿಂದಿನ ಒಂದು ವರ್ಷ ಆ ಮನೆಯಲ್ಲಿ, ಆ ಕಟ್ಟಡದಲ್ಲಿ ತಿಗಣೆ ಇತ್ತೇ ಎಂಬುದನ್ನು ಮಾಲೀಕ ಬರಹದಲ್ಲಿ ತಿಳಿಸಲೇಬೇಕು. 2010ರಿಂದ ಈ ನಿಯಮವಿದೆ. ಸಹಿ ಹಾಕುವ ಮುನ್ನ ಆ ಹಾಳೆ ಕೇಳಿ ಪಡೆಯಿರಿ.

ಮೊದಲ ಮಳೆಗೆ ನಮ್ಮಲ್ಲಿ ದೀಪದ ಸುತ್ತ ಮುತ್ತುವ ಮಳೆಹುಳು ಗೆದ್ದಲೇ, ರೆಕ್ಕೆ ಬಂದ ಗೆದ್ದಲು. ಟೆಕ್ಸಾಸಿನ ಹ್ಯೂಸ್ಟನ್ನಿನಲ್ಲಿ ಮೇ ತಿಂಗಳ ರಾತ್ರಿ ಹಾಗೆ ಮುತ್ತುವುದು ಪೂರ್ವ ಏಷ್ಯಾದಿಂದ ಹೋದ ಫಾರ್ಮೋಸಾ ಗೆದ್ದಲು. ಅಲ್ಲಿನ ಹಡಗುಕಟ್ಟೆಯಲ್ಲಿ ಅದು 1965ರಲ್ಲಿ ಪತ್ತೆಯಾಯಿತು. ಕಲ್ಲು, ಇಟ್ಟಿಗೆ ಗೋಡೆಯ ಮನೆಯಲ್ಲಿ ಬೆಳೆದ ನಾವು ಮಳೆಹುಳುವನ್ನು ಒಂದು ರಾತ್ರಿಯ ಕಿರಿಕಿರಿ ಎಂದು ಬಿಡುತ್ತೇವೆ. ಅಲ್ಲಿ ಮನೆಯ ಚೌಕಟ್ಟೇ ಮರದ್ದು. ಕಿಟಕಿಯ ಬುಡದಲ್ಲಿ ಉದುರಿದ ರೆಕ್ಕೆಗಳ ರಾಶಿ ಒಳಗಿನಿಂದಲೇ ಕಂಡರೆ ಮರುದಿನವೇ ಪರೀಕ್ಷೆ ಮಾಡಿಸಿ. ಗೆದ್ದಲು ತಿಂದ ಮನೆಗೆ ಅಲ್ಲಿನ ಸಾಮಾನ್ಯ ಗೃಹವಿಮೆ ಹಣ ಕೊಡುವುದಿಲ್ಲ.

ಹಲ್ಲಿಯೂ ವಲಸೆ ಹೋಗಿದೆ. ಏಷ್ಯಾದ ಮನೆಹಲ್ಲಿ ಹಡಗಿನ ಸರಕಿನೊಂದಿಗೆ ಹೋಗಿ ಆಸ್ಟ್ರೇಲಿಯಾದ ಡಾರ್ವಿನ್, ಬ್ರಿಸ್ಬೇನ್ ಮನೆಗಳಲ್ಲಿ ನೆಲೆಸಿದೆ. ಸಂಜೆ ಅದು ಲೊಚಗುಟ್ಟುವುದೂ ಇಲ್ಲಿಯಂತೆಯೇ. ಕೊಲ್ಲಬೇಡಿ, ಸೊಳ್ಳೆ ನುಸಿ ತಿನ್ನುವ ಜೀವ ಅದು.

ಪೆನ್ಸಿಲ್ ತೂರುವಷ್ಟು ತೂತಿದ್ದರೆ ಸುಂಡಿಲಿಗೆ ಸಾಕು. ಚಳಿ ಶುರುವಾಗುವ ಮುನ್ನವೇ ಪೈಪಿನ ಸುತ್ತಲಿನ ಸಂದಿಗೆ ಸ್ಟೀಲ್ ಉಣ್ಣೆ ತುರುಕಿ.

ಅಕ್ಟೋಬರಿನಲ್ಲಿ ಅಮೆರಿಕದ ಕಿಟಕಿಗಳಲ್ಲಿ ಗುರಾಣಿಯಾಕಾರದ ಕಂದು ತಿಗಣೆಗಳು ಸಾಲುಗಟ್ಟುತ್ತವೆ. ಕಚ್ಚುವುದಿಲ್ಲ, ಒರೆಸಿದರೆ ನಾರುತ್ತವೆ. 1990ರ ದಶಕದ ಕೊನೆಯಲ್ಲಿ ಪೆನ್ಸಿಲ್ವೇನಿಯಾದ ಆಲೆನ್‌ಟೌನಿನಲ್ಲಿ ಮೊದಲು ಕಂಡವು, ಬಂದದ್ದು ಏಷ್ಯಾದಿಂದ. ವ್ಯಾಕ್ಯೂಮಿನಿಂದ ಎಳೆದು ಹೊರಗೆ ಹಾಕಿದರೆ ಮುಗಿಯಿತು.

ಊರಿನಿಂದ ಏನನ್ನು ಕೊಂಡೊಯ್ಯಬಾರದು ಎಂಬ ವಿಷಯದಲ್ಲಿ ನನಗೆ ಯಾವ ರಾಜಿಯೂ ಇಲ್ಲ: ವಿಷ. ನೆಲಕ್ಕೆ ಗೆರೆ ಎಳೆಯುವ ಜಿರಳೆ ಚಾಕ್ ಅನ್ನು ಅಮೆರಿಕದಲ್ಲಿ ಮಾರುವುದೇ ಕಾನೂನಿಗೆ ವಿರುದ್ಧ. ಅದು ನೋಡಲು ಶಾಲೆಯ ಸೀಮೆಸುಣ್ಣದಂತೆಯೇ ಇರುತ್ತದೆ, ಮಕ್ಕಳು ಬಾಯಿಗಿಟ್ಟುಕೊಳ್ಳುತ್ತಾರೆ. ಇನ್ನೂ ಘೋರವಾದದ್ದು ಕಾಳಿನ ಮೂಟೆಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಏಳುತ್ತದೆ. ಅದು ಗೋಡೆಯ ಬಿರುಕು, ಏಸಿಯ ಕೊಳವೆ, ಬಾಗಿಲ ಸಂದಿಯಲ್ಲಿ ಪಕ್ಕದ ಮನೆಗೂ ಹೋಗುತ್ತದೆ. ಯುಎಇಯಲ್ಲಿ ಪಕ್ಕದ ಫ್ಲ್ಯಾಟಿನವರು ತಿಗಣೆಗೆಂದು ಇಟ್ಟ ಗುಳಿಗೆಯ ಅನಿಲ ಕುಡಿದು ಮಲಗಿದ್ದ ಮಕ್ಕಳು ತೀರಿಹೋದ ಪ್ರಕರಣಗಳು ಒಂದಕ್ಕಿಂತ ಹೆಚ್ಚು. ಈ ವಿಷಕ್ಕೆ ಪ್ರತ್ಯೌಷಧ ಇಲ್ಲ. ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನಂಥ ವಾಸನೆ ಬಂದು, ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೇ ವಾಂತಿ, ತಲೆಸುತ್ತು ಶುರುವಾದರೆ ಊಟದ ದೋಷ ಎಂದುಕೊಂಡು ಮಲಗಬೇಡಿ. ಎಲ್ಲರೂ ಹೊರಗೆ ಬಂದು ಆಂಬುಲೆನ್ಸ್ ಕರೆಯಿರಿ. ಇಲ್ಲಿ ಹಳ್ಳಿಯಲ್ಲಿ ಇದೇ ಗುಳಿಗೆ ಇಟ್ಟ ಕೋಣೆಯಲ್ಲಿ ಮಲಗುವವರೂ ಇದ್ದಾರೆ, ಅವರಿಗೂ ಈ ಮಾತು ತಲುಪಲಿ.

ನೀರು ನಿಂತರೆ

ಗಾಳಿಗೆ ತಗಡು ಹಾರದಿರಲೆಂದು ಮಾಡಿನ ಮೇಲೆ ಹಳೇ ಟೈರ್ ಹೇರುವುದನ್ನು ನಮ್ಮಲ್ಲಿ ನೋಡಿದ್ದೀರಿ. ಏಷ್ಯಾದ ಹುಲಿಸೊಳ್ಳೆ ಅಮೆರಿಕದಲ್ಲಿ ನೆಲೆಯೂರಿದ್ದೇ ಹಳೇ ಟೈರುಗಳಿಂದ: 1985ರಲ್ಲಿ ಹ್ಯೂಸ್ಟನ್ನಿನಲ್ಲಿ ಪತ್ತೆ. ಟೈರಿನೊಳಗಿನ ಮಳೆನೀರಿನ ಅಂಚಿಗೆ ಅಂಟಿದ ಮೊಟ್ಟೆ ನೀರು ಆರಿದರೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ಮಳೆ ಬಿದ್ದಾಗ ಒಡೆಯುತ್ತದೆ. ತಗಡಿಗೆ ಭಾರ ಬೇಕಿದ್ದರೆ ಕಲ್ಲು ಇಡಿ, ಇಲ್ಲವೇ ಟೈರಿಗೆ ತೂತು ಕೊರೆಯಿರಿ.

ಝೀಕಾ ವೈರಸ್ ಮೊದಲು ಸಿಕ್ಕಿದ್ದು 1947ರಲ್ಲಿ, ಉಗಾಂಡಾದ ಝೀಕಾ ಕಾಡಿನ ಕೋತಿಯಲ್ಲಿ. 2015ರಲ್ಲಿ ಬ್ರೆಜಿಲನ್ನು ಅಲ್ಲಾಡಿಸಿತು. 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದ ಸೊಳ್ಳೆ ಮಾದರಿಯಲ್ಲಿ ಅದೇ ವೈರಸ್ ಕಂಡುಬಂತು. ಹೊರದೇಶದ ರೋಗ, ಊರಿನ ರೋಗ ಎಂಬ ಗೆರೆ ಸೊಳ್ಳೆಗೆ ಗೊತ್ತಿಲ್ಲ.

ಸಿಂಗಪುರದಲ್ಲಿ ಅಧಿಕಾರಿಗಳು ಮನೆಯೊಳಗೆ ಬಂದು ಹೂಕುಂಡದ ತಟ್ಟೆ, ಬಟ್ಟೆ ಒಣಹಾಕುವ ಬಿದಿರಿನ ಕೊಳವೆಯನ್ನೂ ನೋಡುತ್ತಾರೆ. ಸೊಳ್ಳೆಮರಿ ಸಿಕ್ಕರೆ ದಂಡ. 2016ರಿಂದ ಅಲ್ಲಿ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಹೊತ್ತ ಗಂಡು ಸೊಳ್ಳೆಗಳನ್ನು ಬಿಡುತ್ತಿದ್ದಾರೆ. ಅವುಗಳ ಜೊತೆ ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ. ಗಂಡು ಸೊಳ್ಳೆ ಕಚ್ಚುವುದೂ ಇಲ್ಲ.

ನೆರೆ ಬಂದಾಗ ಇರುವೆ ಮುಳುಗುವುದಿಲ್ಲ. 2017ರ ಆಗಸ್ಟಿನಲ್ಲಿ ಹಾರ್ವಿ ಚಂಡಮಾರುತ ಟೆಕ್ಸಾಸಿನ ನೆಡರ್‌ಲ್ಯಾಂಡಿನಲ್ಲಿ 1,539 ಮಿ.ಮೀ. ಮಳೆ ಸುರಿಸಿತು. ನಮ್ಮ ಜಿಲ್ಲೆಗೆ ಅದು ಸುಮಾರು ಎರಡು ವರ್ಷದ ಮಳೆ. ಆ ನೀರಿನ ಮೇಲೆ ಕೆಂಪು ಬೆಂಕಿಇರುವೆಗಳು ಒಂದನ್ನೊಂದು ಕಚ್ಚಿ ಹಿಡಿದು, ರಾಣಿಯನ್ನೂ ಮರಿಗಳನ್ನೂ ನಡುವೆ ಇಟ್ಟುಕೊಂಡು ತೆಪ್ಪದಂತೆ ತೇಲಿದವು. ದಕ್ಷಿಣ ಅಮೆರಿಕದ ಈ ಇರುವೆ 1930ರ ದಶಕದಲ್ಲಿ ಅಲಬಾಮಾದ ಮೊಬೈಲ್ ಬಂದರಿಗೆ ಬಂದಿಳಿದದ್ದು. ನೆರೆನೀರಿನಲ್ಲಿ ಕಂದುಗೆಂಪು ನೊರೆಯಂಥದ್ದು ತೇಲಿ ಬಂದರೆ ಮುಟ್ಟಬೇಡಿ, ತಾಗಿದ ಕ್ಷಣವೇ ಮೈಹತ್ತುತ್ತವೆ. ಪಾತ್ರೆ ತೊಳೆಯುವ ಸೋಪಿನ ನೀರು ಚಿಮುಕಿಸಿದರೆ ತೆಪ್ಪ ಮುಳುಗುತ್ತದೆ.

ಅಮೆರಿಕದಲ್ಲಿ ಗೃಹವಿಮೆ ಇದ್ದರೂ ನೆರೆಹಾನಿಗೆ ಹಣ ಬರುವುದಿಲ್ಲ, ಅದಕ್ಕೆ ಬೇರೆಯೇ ವಿಮೆ ಬೇಕು. 1968ರಲ್ಲಿ ಶುರುವಾದ ಸರ್ಕಾರಿ ನೆರೆವಿಮೆ ಸಾಮಾನ್ಯವಾಗಿ ಕೊಂಡ 30 ದಿನಗಳ ನಂತರವೇ ಜಾರಿಗೆ ಬರುತ್ತದೆ. ಟಿವಿಯಲ್ಲಿ ಚಂಡಮಾರುತದ ಚಿತ್ರ ಬಂದ ಮೇಲೆ ಕೊಂಡರೆ ಪ್ರಯೋಜನವಿಲ್ಲ.

  

ಮೋಡ, ಗಾಳಿ, ಆಲಿಕಲ್ಲು

ಮೆಲ್ಬರ್ನಿನಲ್ಲಿ 2016ರ ನವೆಂಬರ್ 21ರ ಸಂಜೆ ಗುಡುಗುಮಳೆ ಬಂತು. ಗಾಳಿಯಲ್ಲಿ ತೇಲುತ್ತಿದ್ದ ರೈ ಹುಲ್ಲಿನ ಪರಾಗ ತೇವ ಹೀರಿ ಒಡೆದು ಅತಿ ಸೂಕ್ಷ್ಮ ಚೂರುಗಳಾಗಿ ಜನರ ಶ್ವಾಸಕೋಶದ ಆಳಕ್ಕೆ ಇಳಿಯಿತು. ಮೂರು ಸಾವಿರಕ್ಕೂ ಹೆಚ್ಚು ಜನ ಉಸಿರು ಸಿಗದೆ ಆಸ್ಪತ್ರೆಗೆ ಓಡಿದರು. ಹತ್ತು ಜನ ಸತ್ತರು. ಭಾರತ, ಶ್ರೀಲಂಕಾ, ಆಗ್ನೇಯ ಏಷ್ಯಾ ಮೂಲದವರು ಜನಸಂಖ್ಯೆಯಲ್ಲಿನ ತಮ್ಮ ಪಾಲಿಗಿಂತ ಬಹಳ ಹೆಚ್ಚಾಗಿ ಇದಕ್ಕೆ ಸಿಕ್ಕಿದರು. ಅನೇಕರಿಗೆ ತಮಗೆ ಆಸ್ತಮಾ ಇದೆಯೆಂದೇ ತಿಳಿದಿರಲಿಲ್ಲ, ವಸಂತದಲ್ಲಿ ಮೂಗು ಸೋರುವುದು, ಕಣ್ಣು ತುರಿಸುವುದು ಅಷ್ಟೇ ಇತ್ತು. ಈಗ ವಿಕ್ಟೋರಿಯಾ ರಾಜ್ಯ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ದಿನವೂ ಗುಡುಗು ಆಸ್ತಮಾದ ಮುನ್ಸೂಚನೆ ಕೊಡುತ್ತದೆ. ಅಲ್ಲಿರುವ ನಮ್ಮ ಮಕ್ಕಳು ಅದನ್ನು ದಿನಾ ನೋಡಬೇಕು. ಗುಡುಗುವ ಮುನ್ನ ಬೀಸುವ ತಂಗಾಳಿಗೆ ಅಂಗಳಕ್ಕೆ ಬಂದು ನಿಲ್ಲುವ ನಮ್ಮ ಅಭ್ಯಾಸವನ್ನು ಅಲ್ಲಿ ಬಿಡಬೇಕು.

2024ರ ಏಪ್ರಿಲ್ 16ರಂದು ಯುಎಇಯಲ್ಲಿ 75 ವರ್ಷಗಳ ದಾಖಲೆಯಲ್ಲೇ ಕಾಣದ ಮಳೆ. ಅಲ್ ಐನ್ ಬಳಿಯ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254.8 ಮಿ.ಮೀ. ಸುರಿಯಿತು. ಚರಂಡಿಯ ಅಗತ್ಯವೇ ಹೆಚ್ಚಿರದ ಮರಳುನಾಡು ಮುಳುಗಿತು.

ನೀರಿನ ಕೊರತೆ, ನೆರೆ ಎಂಬ ಎರಡೂ ಮುಖಗಳನ್ನು ನಮ್ಮ ಮುದ್ದೇನಹಳ್ಳಿಯವರೊಬ್ಬರು ಶತಮಾನದ ಹಿಂದೆಯೇ ಎದುರಿಸಿದ್ದರು. ಎಂ. ವಿಶ್ವೇಶ್ವರಯ್ಯನವರು 1906ರಲ್ಲಿ ಏಡನ್ ನಗರಕ್ಕೆ ಹೋಗಿ ಕುಡಿಯುವ ನೀರು, ಒಳಚರಂಡಿಯ ಯೋಜನೆ ಕೊಟ್ಟರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಹೈದರಾಬಾದನ್ನು ಕೊಚ್ಚಿ ಸಾವಿರಾರು ಜನ ಸತ್ತ ಮೇಲೆ ನಿಜಾಮರ ಸರ್ಕಾರ ಅವರನ್ನು ಕರೆಸಿತು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ಅವರ ಸಲಹೆಯ ಫಲ.

ಗೌರಿಬಿದನೂರು ತಾಲ್ಲೂಕು ಹೊಸೂರಿನ ಎಚ್. ನರಸಿಂಹಯ್ಯನವರು ಡಾಕ್ಟರೇಟ್‌ಗೆ ಓದಿದ್ದು ಅಮೆರಿಕದ ಓಹಿಯೋ ರಾಜ್ಯದ ಕೊಲಂಬಸ್‌ನಲ್ಲಿ. ಆ ಊರಿನಲ್ಲಿ ಈಗ ಪ್ರತಿ ಬುಧವಾರ ಮಧ್ಯಾಹ್ನ 12ಕ್ಕೆ ಸುಂಟರಗಾಳಿಯ ಸೈರನ್ ಪರೀಕ್ಷೆ ನಡೆಯುತ್ತದೆ. ಹೊಸದಾಗಿ ಹೋದ ಅಪ್ಪ ಅಮ್ಮ ಗಾಬರಿಯಾಗದಂತೆ ಮಕ್ಕಳು ಮೊದಲೇ ಹೇಳಿಡಬೇಕು. 'ವಾಚ್' ಎಂದರೆ ಸುಂಟರಗಾಳಿ ಏಳುವ ಲಕ್ಷಣವಿದೆ, ಸಿದ್ಧರಾಗಿರಿ. 'ವಾರ್ನಿಂಗ್' ಎಂದರೆ ಎದ್ದಿದೆ ಅಥವಾ ರೇಡಾರಿನಲ್ಲಿ ಕಂಡಿದೆ, ಈ ಕ್ಷಣವೇ ನೆಲಮಾಳಿಗೆಗೆ ಹೋಗಿ. ನೆಲಮಾಳಿಗೆ ಇಲ್ಲದಿದ್ದರೆ ಕೆಳಗಿನ ಅಂತಸ್ತಿನ ಕಿಟಕಿಯಿಲ್ಲದ ಸ್ನಾನದಮನೆ ಸೇರಿ. ಆ ಸೈರನ್ ಹೊರಗಿರುವವರಿಗೆ ಕೇಳಲೆಂದು ಇಟ್ಟದ್ದು, ಮನೆಯೊಳಗೆ ಕೇಳದೆ ಹೋಗಬಹುದು. ಮೊಬೈಲಿನ ಎಚ್ಚರಿಕೆ ಸದ್ದನ್ನು ಮುಚ್ಚಬೇಡಿ.

ಹಿಮಗಾಳಿಗೆ ಕರೆಂಟು ಹೋದಾಗ ಒಳಗೆ ಇದ್ದಿಲು ಒಲೆ ಹಚ್ಚುವುದು ಸಾವಿಗೆ ದಾರಿ. 2021ರ ಫೆಬ್ರವರಿಯಲ್ಲಿ ಟೆಕ್ಸಾಸಿನ 45 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ವಿದ್ಯುತ್ ಹೋಯಿತು. ಬೆಚ್ಚಗಾಗಲು ಮನೆಯೊಳಗೆ ಇದ್ದಿಲು ಉರಿಸಿದವರು, ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟವರು ಕಾರ್ಬನ್ ಮಾನಾಕ್ಸೈಡಿಗೆ ಬಲಿಯಾದರು. ಬಣ್ಣವಿಲ್ಲ, ವಾಸನೆಯಿಲ್ಲ. ಬಾಣಂತಿಗೆ ಕೆಂಡದ ಕಾವು ಕೊಡುವ ಪದ್ಧತಿಯನ್ನು ಗಾಳಿಯಾಡದ ಆ ಮನೆಗಳಲ್ಲಿ ಎಂದೂ ಮಾಡಬಾರದು.

ಏಪ್ರಿಲ್, ಮೇನಲ್ಲಿ ನಮ್ಮ ದ್ರಾಕ್ಷಿ ಚಪ್ಪರ ಮಲಗಿಸುವ ಆಲಿಕಲ್ಲಿಗೆ ನೆಲದ ಎತ್ತರವೂ ಒಂದು ಕಾರಣ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಬೀಳುವ ಮಂಜುಗಡ್ಡೆಗೆ ಕರಗಲು ಅಷ್ಟು ದೂರ ಕಡಿಮೆ. ಅಮೆರಿಕದಲ್ಲಿ ಸಿಕ್ಕ ಅತಿ ದೊಡ್ಡ ಆಲಿಕಲ್ಲು 2010ರ ಜುಲೈ 23ರದು, ದಕ್ಷಿಣ ಡಕೋಟಾದ ವಿವಿಯನ್‌ನಲ್ಲಿ: ಅಡ್ಡಳತೆ 20 ಸೆಂ.ಮೀ., ತೂಕ 880 ಗ್ರಾಂ. ತೂಕದ ದಾಖಲೆ ಬಾಂಗ್ಲಾದೇಶದ ಗೋಪಾಲಗಂಜಿನದು, 1986ರಲ್ಲಿ 1.02 ಕೆ.ಜಿ. ಆಲಿಕಲ್ಲಿಗೆ ಅತಿ ಹೆಚ್ಚು ಜನ ಸತ್ತ ದಾಖಲೆ ನಮ್ಮ ದೇಶದ್ದೇ: 1888ರ ಏಪ್ರಿಲ್ 30, ಮೊರಾದಾಬಾದ್, 246 ಜನ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಗುಡುಗು ಕೇಳಿತೆಂದರೆ ಸಿಡಿಲು ತಲುಪುವ ದೂರದಲ್ಲೇ ನೀವಿದ್ದೀರಿ.

ಅಮೆರಿಕದಲ್ಲಿ 1940ರ ದಶಕದಲ್ಲಿ ಸಿಡಿಲಿಗೆ ವರ್ಷಕ್ಕೆ ನೂರಾರು ಜನ ಸಾಯುತ್ತಿದ್ದರು. ಈಗ ಸುಮಾರು ಇಪ್ಪತ್ತು. ಭಾರತದಲ್ಲಿ 2022ರಲ್ಲಿ ಸತ್ತವರು 2,887. ಹೊಲದಲ್ಲಿ, ಮರದ ಕೆಳಗೆ, ಕುರಿ ಕಾಯುತ್ತ ಸತ್ತವರು ಇವರಲ್ಲಿ ಬಹಳ. ಪುಣೆಯ ಹವಾಮಾನ ಸಂಸ್ಥೆಯ 'ದಾಮಿನಿ', ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್‌ಗಳು ಮೊದಲೇ ಎಚ್ಚರಿಸುತ್ತವೆ. ಹೊರದೇಶದಲ್ಲಿರುವ ಮಗ ಅಪ್ಪನ ಫೋನಿಗೆ ಇವುಗಳಲ್ಲಿ ಒಂದನ್ನಾದರೂ ಹಾಕಿಸಲಿ.

ಕಡಲು ನಮಗೆ ಹತ್ತಿರವಿಲ್ಲ, ಆದರೂ ಬಂಗಾಳಕೊಲ್ಲಿಯ ಚಂಡಮಾರುತಗಳು ಮಂಡಿಕಲ್ಲಿಗೂ ಮಳೆ ತರುತ್ತವೆ. 2021ರ ನವೆಂಬರಿನಲ್ಲಿ ಕೆರೆಗಳು ಕೋಡಿ ಬಿದ್ದದ್ದೂ, ಕೊಯ್ಲಿಗೆ ಬಂದ ರಾಗಿ ನೆಲಕಚ್ಚಿದ್ದೂ ಕೊಲ್ಲಿಯ ವಾಯುಭಾರ ಕುಸಿತದಿಂದ. 2022ರ 'ಮಾಂಡೂಸ್' ಚಂಡಮಾರುತಕ್ಕೆ ಆ ಹೆಸರು ಕೊಟ್ಟದ್ದು ಯುಎಇ, 2023ರ 'ಮಿಚಾಂಗ್' ಮ್ಯಾನ್ಮಾರಿನದು, 2024ರ 'ಫೆಂಗಲ್' ಸೌದಿ ಅರೇಬಿಯಾದ್ದು. ಹದಿಮೂರು ದೇಶಗಳು ಸರದಿಯಂತೆ ಹೆಸರು ಕೊಡುತ್ತವೆ. ಭಾರತದ ಪಟ್ಟಿಯಲ್ಲಿ 'ನೀರ್', 'ಪ್ರಭಂಜನ್', 'ಅಂಬುದ್' ಇವೆ.

ತುರ್ತು ಕರೆಯ ಸಂಖ್ಯೆಗಳನ್ನು ಈ ಪುಟದಿಂದ ಬರೆದುಕೊಂಡು ಕ್ಯಾಲೆಂಡರಿನ ಪಕ್ಕ ಅಂಟಿಸಿ, ಹೊರಡುವ ಪೆಟ್ಟಿಗೆಯಲ್ಲೂ ಒಂದು ಪ್ರತಿ ಇಡಿ. ಅಮೆರಿಕ, ಕೆನಡಾ 911. ಬ್ರಿಟನ್ 999. ಜರ್ಮನಿ, ಫ್ರಾನ್ಸ್ ಸೇರಿ ಯುರೋಪಿಯನ್ ಒಕ್ಕೂಟದ ದೇಶಗಳು 112. ಆಸ್ಟ್ರೇಲಿಯಾ 000. ಸಿಂಗಪುರದಲ್ಲಿ ಆಂಬುಲೆನ್ಸಿಗೆ 995. ಯುಎಇಯಲ್ಲಿ ಪೊಲೀಸರಿಗೆ 999, ಆಂಬುಲೆನ್ಸಿಗೆ 998. ಮಗು ಮದ್ದೋ ಗುಳಿಗೆಯೋ ನುಂಗಿದರೆ ಅಮೆರಿಕದ ವಿಷ ಸಹಾಯವಾಣಿ 1-800-222-1222, ಆಸ್ಟ್ರೇಲಿಯಾದಲ್ಲಿ 13 11 26. ನಮ್ಮಲ್ಲಿ 112.